ದಾನವೋ, ದನಿಯೋ?

ಕೀರ್ತಿವಂತರಾದ ನಟರೂ ಆಟಗಾರರೂ ಅಂತರಜಾಲದಲ್ಲಿ ನಾಲ್ಕು ಸಾಲು ಬರೆದು ಲೋಕೋಪಕಾರಕ್ಕೆ ಕರೆಕೊಡುವುದು ಈಗ ನಿತ್ಯದ ಸಂಗತಿಯಾಗಿದೆ. ಬರೆದ ಮಾತ್ರಕ್ಕೆ ಹಸಿದವರ ಹೊಟ್ಟೆ ತುಂಬೀತೇ, ಅಷ್ಟು ಹಣವುಳ್ಳವರು ಕೈಬಿಚ್ಚಿ ಕೊಡಬಾರದೇ ಎಂದು ಗೃಹಸ್ಥರು ಕೇಳುವುದುಂಟು. ಪ್ರಶ್ನೆಯೇನೋ ನ್ಯಾಯವಾದುದೇ. ಆದರೆ 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಬಲ್ಲವರು ಉತ್ತರ ಹೇಳುವ ಮೊದಲು ತುಸು ತಡೆಯಬೇಕಾಗುತ್ತದೆ.

ನಮ್ಮ ಶಾಲೆಗಳ ಬಿಸಿಯೂಟದಂತೆ ಆ ದೇಶದ ಬಡಮಕ್ಕಳಿಗೂ ಶಾಲೆಯಲ್ಲಿ ಧರ್ಮಾರ್ಥವಾಗಿ ಮಧ್ಯಾಹ್ನದ ಊಟ ದೊರೆಯುತ್ತದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದುವು. ಆಗ ಮಾರ್ಕಸ್ ರ್ಯಾಶ್‌ಫರ್ಡ್ ಎಂಬ ಇಪ್ಪತ್ತೆರಡು ವರ್ಷದ ಕಾಲ್ಚೆಂಡಾಟಗಾರನು, ತಾನೂ ಬಾಲ್ಯದಲ್ಲಿ ಅದೇ ಊಟವನ್ನು ಉಂಡು ಬೆಳೆದವನಾದುದರಿಂದ, ಫೇರ್‌ಷೇರ್ ಎಂಬ ಧರ್ಮಸಂಸ್ಥೆಯೊಡನೆ ಸೇರಿ ಸುಮಾರು 2 ಕೋಟಿ ಪೌಂಡುಗಳ ನೆರವು ಕೂಡಿಬರುವಂತೆ ಮಾಡಿದನು. ಇದು ದಾನದ ಮಾರ್ಗ. ಅತ್ತ ಸರ್ಕಾರವೂ ಆಹಾರದ ಚೀಟಿಗಳನ್ನು ಹಂಚುತ್ತಿದ್ದಿತು. ಬೇಸಗೆಯ ರಜೆಗೆ ಮಾತ್ರ ಇಲ್ಲವೆಂದಿತು.

ಜೂನ್ 15ರಂದು ಆತನು ಪಾರ್ಲಿಮೆಂಟಿನ ಸದಸ್ಯರೆಲ್ಲರಿಗೂ ಒಂದು ಬಹಿರಂಗ ಪತ್ರವನ್ನು ಬರೆದು ಟ್ವಿಟರಿನಲ್ಲಿ ಪ್ರಕಟಿಸಿದನು. ಮರುದಿನವೇ ಸರ್ಕಾರ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗೆ ವಾರಕ್ಕೆ 15 ಪೌಂಡಿನಂತೆ ಆರು ವಾರ. ಒಟ್ಟು 12 ಕೋಟಿ ಪೌಂಡುಗಳ ವೆಚ್ಚ. ಯಾವ ಧರ್ಮಛತ್ರವೂ ಒಂದು ರಾತ್ರಿಯಲ್ಲಿ ಇಷ್ಟು ಎಲೆ ಹಾಕಿಸಲಾರದು.

ಹಾಗಾದರೆ ಬರೆಹವೇ ದಾನಕ್ಕಿಂತ ಮೇಲೆಂದು ತೀರ್ಮಾನಿಸೋಣವೇ? ಇದಕ್ಕೆ ಆರು ವರ್ಷ ಹಿಂದೆ, 2014ರ ಏಪ್ರಿಲ್ 14ರ ರಾತ್ರಿ, ಆಫ್ರಿಕದ ನೈಜೀರಿಯ ದೇಶದಲ್ಲಿ ಚಿಬೊಕ್ ಎಂಬ ಊರಿನ ಶಾಲೆಯಿಂದ 276 ಬಾಲಿಕೆಯರನ್ನು ಬೊಕೊ ಹರಾಮ್ ಗುಂಪಿನವರು ಅಪಹರಿಸಿದರು. ಅವರನ್ನು ಮರಳಿ ಕರೆತನ್ನಿರೆಂಬ ಕೂಗು ಆ ದೇಶದಲ್ಲಿಯೇ ಹುಟ್ಟಿ ಅಂತರಜಾಲದ ಮೂಲಕ ಲೋಕವನ್ನೆಲ್ಲ ಸುತ್ತಿತು. ಆಗಿನ ಅಮೆರಿಕದ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮ ಅವರೂ ಆ ಮಾತಿನ ಫಲಕವನ್ನು ಹಿಡಿದು ಚಿತ್ರ ತೆಗೆಸಿಕೊಂಡರು. ಕೆಲವು ಹುಡುಗಿಯರು ತಾವಾಗಿ ತಪ್ಪಿಸಿಕೊಂಡರು. 2016 ಮತ್ತು 2017ರಲ್ಲಿ ನೂರಕ್ಕೂ ಹೆಚ್ಚು ಮಂದಿ ಸಂಧಾನದಿಂದ ಬಿಡುಗಡೆ ಹೊಂದಿದರು. ಹತ್ತು ವರ್ಷ ತುಂಬಿದಾಗಲೂ ಎಂಬತ್ತಕ್ಕೂ ಹೆಚ್ಚು ಮಂದಿ ಮನೆಗೆ ಮರಳಿರಲಿಲ್ಲ. ಕೂಗಿದವರಲ್ಲಿ ಕರುಣೆಯ ಕೊರತೆಯಿದ್ದಿತೆಂದು ನಾವು ಹೇಳೆವು. ಕಾಡಿನಲ್ಲಿ ಕೋವಿ ಹಿಡಿದು ಕುಳಿತವನಿಗೆ ಲೋಕಾಪವಾದದ ಭಯವೆಲ್ಲಿಯದು? ಓಟು ಬೇಡಿ ಬದುಕುವವನಿಗಾದರೆ ಅದು ಉಂಟು. ಕೂಗಿನ ಬಲವೆಲ್ಲ ಕೇಳುವವನ ಆ ಅಂಜಿಕೆಯಲ್ಲಿಯೇ ಇರುವಂತೆ ನಮಗೆ ತೋರುತ್ತದೆ.

ಆ ಅಂಜಿಕೆ ಹುಟ್ಟುವುದಕ್ಕೂ ದಿನಗಳು ಬೇಕು. ಇಂಗ್ಲೆಂಡಿನಲ್ಲಿಯೇ ಅಕ್ಟೋಬರ್ 21ರಂದು, ಮುಂದಿನ ರಜೆಗಳಲ್ಲಿಯೂ ಊಟ ಒದಗಿಸಬೇಕೆಂಬ ಗೊತ್ತುವಳಿಯನ್ನು ಪಾರ್ಲಿಮೆಂಟು 261ಕ್ಕೆ ಎದುರಾಗಿ 322 ಮತಗಳಿಂದ ತಳ್ಳಿಹಾಕಿತು. ರಜೆ ಮಾತ್ರ ಕಾಯಲಿಲ್ಲ. ಊರೂರಿನ ಹೋಟೆಲಿನವರೂ ಅಂಗಡಿಯವರೂ ಪುರಸಭೆಗಳವರೂ ತಾವೇ ಊಟ ಕೊಡುವೆವೆಂದು ಮುಂದೆ ಬಂದರು. ರ್ಯಾಶ್‌ಫರ್ಡನು ಅವರ ಹೆಸರುಗಳನ್ನು ಒಂದೊಂದಾಗಿ ಟ್ವಿಟರಿನಲ್ಲಿ ಸಾರುತ್ತ ಹೋದನು. ಸರ್ಕಾರ ಎರಡನೆಯ ಸಲ ಮಣಿದುದು ನವೆಂಬರ್ 8ರಂದು. ಅಷ್ಟರಲ್ಲಿ ರಜೆಯ ವಾರ ಕಳೆದುಹೋಗಿದ್ದಿತು. ಎಷ್ಟೋ ಮಕ್ಕಳು ಆ ವಾರ ಉಂಡುದು, ತಮ್ಮ ಬೀದಿಯ ಸಣ್ಣ ಹೋಟೆಲಿನವನು ಕಾಸು ಕೇಳದೆ ಕಟ್ಟಿಕೊಟ್ಟ ಬುತ್ತಿಯನ್ನು.