ಕಿಟಕಿಯನ್ನು ಬದಲಿಸುವ ಮುನ್ನ

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ವಾಸಿಸುವ ನಮ್ಮವರಲ್ಲಿ ಅನೇಕರು ಹಿರಿಯರ ಕಾಲದ ಸಾಗುವಾನಿ ಕಿಟಕಿಗಳನ್ನು ಕೀಳಿಸಿ, ಅಲ್ಯೂಮಿನಿಯಮ್ ಅಥವಾ ಯುಪಿವಿಸಿಯ ಸ್ಲೈಡಿಂಗ್ ಕಿಟಕಿಗಳನ್ನು ಕೂಡಿಸುತ್ತಿದ್ದಾರೆ. ಮಳೆಗಾಲದಲ್ಲಿ ಮರ ಉಬ್ಬಿ ಕದ ಮುಚ್ಚದು, ಮುಚ್ಚಿದರೆ ತೆರೆಯದು. ಇದರೊಡನೆ ರಸ್ತೆಯ ಗದ್ದಲ, ಧೂಳು. ಆದುದರಿಂದ ಈ ಅಪೇಕ್ಷೆ ಅಕಾರಣವೇನಲ್ಲ. ಆದರೆ ಬಣ್ಣ, ಬೆಲೆಗಳನ್ನಷ್ಟೇ ನೋಡಿ ಇದನ್ನು ನಿರ್ಧರಿಸಲಾಗದು. ಕಿಟಕಿಯು ಮನೆಮಂದಿಯ ಉಸಿರಿಗೆ ಸಂಬಂಧಪಟ್ಟ ವಸ್ತು.

ಈ ನಗರವು ಆ ಪಾಠವನ್ನು ಬಹು ಕಷ್ಟದಿಂದ ಕಲಿತಿದೆ. 1896ರಲ್ಲಿ ಪ್ಲೇಗು ಬಂದೆರಗಿದ ಬಳಿಕ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿತವಾಯಿತು. ಕೆಳಗಿನ ಕೋಣೆಗೂ ಆಕಾಶ ಕಾಣಬೇಕೆಂದು ಅದು 63.5 ಅಂಶಗಳ ಬೆಳಕಿನ ಕೋನದ ನಿಯಮವನ್ನು ಅನುಸರಿಸಿತು; ಎದುರಿನ ಗೋಡೆಯ ಎತ್ತರ ನಡುವಣ ಅಂತರದ ಸುಮಾರು ಇಮ್ಮಡಿಯನ್ನು ಮೀರಬಾರದೆಂಬುದು ಅದರ ತಾತ್ಪರ್ಯ. ಇನ್ನು 2007ರಲ್ಲಿ ಪ್ರಕಟವಾದ, ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳ ಅಧ್ಯಯನವೊಂದು ಕುತೂಹಲಕರವಾಗಿದೆ. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಲ್ಲಿ 12 ಸಲ ಮಾತ್ರ. ಎತ್ತರದ ಮಾಳಿಗೆ, ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳೇ ಕ್ಷಯದ ಸೋಂಕನ್ನು ತಡೆಯುವಲ್ಲಿ ಮೇಲೆನಿಸಿದವು.

ನಮ್ಮ ಊರುಗಳ ಹೆಂಚಿನ ಮನೆಗಳಲ್ಲಿ ಕಿಟಕಿ ಕಿರಿದಾಗಿದ್ದರೂ ಬಿಸಿಗಾಳಿಯು ಹೆಂಚಿನ ಸಂದುಗಳಿಂದ ಹೊರಹೋಗುತ್ತಿತ್ತು. ಕಾಂಕ್ರೀಟಿನ ತಾರಸಿಯ ಕೆಳಗೆ ಆ ಉಪಾಯವಿಲ್ಲ. ಬಿಸಿಯೂ ತೇವವೂ ಕೂಡಿದ ಹವೆಯ ಪ್ರದೇಶಗಳಲ್ಲಿ ಕಿಟಕಿಗಳ ವಿಸ್ತಾರವು ನೆಲದ ವಿಸ್ತಾರದ ಆರನೆಯ ಒಂದು ಭಾಗಕ್ಕೆ ಕಡಿಮೆಯಿರಬಾರದೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸೂಚನೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಗೆ 20 ಚದರಡಿ ಬೇಕು. ಅಷ್ಟೇ ಅಳತೆಯ, ಕೀಲುಗಳ ಮೇಲೆ ತಿರುಗುವ ಹಳೆಯ ಕಿಟಕಿಯು ಪೂರ್ತಿ ತೆರೆಯುತ್ತದೆ. ಅದೇ ಜಾಗದಲ್ಲಿ ಎರಡು ಹಳಿಗಳ ಸ್ಲೈಡಿಂಗ್ ಕಿಟಕಿಯನ್ನು ಕೂಡಿಸಿದರೆ, ಒಂದು ಗಾಜು ಇನ್ನೊಂದರ ಹಿಂದೆ ನಿಲ್ಲಲೇಬೇಕಾದುದರಿಂದ, ತೆರೆಯುವುದು ಹತ್ತೇ ಚದರಡಿ! ಸೊಳ್ಳೆಪರದೆ ಅದನ್ನೂ ತುಸು ಕುಗ್ಗಿಸುತ್ತದೆ. ಡೆಂಗಿ, ಮಲೇರಿಯಾಗಳ ಈ ನಗರದಲ್ಲಿ ಪರದೆಯನ್ನು ಬಿಡುವಂತೆಯೂ ಇಲ್ಲ. ಆದುದರಿಂದ ಮಲಗುವ ಕೋಣೆಗೆ ಹೊಸತನ್ನೇ ಮಾಡಿಸುವುದಾದರೂ ಕೀಲಿನ ಕದದ ಕಿಟಕಿಯನ್ನೇ ಕೇಳುವುದು ಲೇಸು. ಗದ್ದಲದ ರಸ್ತೆಯವರಿಗೂ ಅದೇ ಅನುಕೂಲ. ಮುಚ್ಚಿದಾಗ ರಬ್ಬರ್ ಪಟ್ಟಿಗೆ ಬಿಗಿಯಾಗಿ ಒತ್ತಿಕೊಳ್ಳುವುದರಿಂದ ಸ್ಲೈಡಿಂಗಿಗಿಂತ ಸದ್ದು ಕಡಿಮೆ.

ಬದಲಿಸುವುದು ಅಗತ್ಯವೇ ಎಂಬುದನ್ನು ಮೊದಲು ನೋಡಬೇಕಷ್ಟೆ. ಚೌಕಟ್ಟಿನ ಕೆಳಮೂಲೆಗಳನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿರಿ. ಮೊನೆಯು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಮರ ಕೊಳೆತಿದೆ. ಗಟ್ಟಿಯಾಗಿ ತಡೆದರೆ ಬಡಗಿಯು ಕದದ ಅಂಚನ್ನು ಹೆರೆದು, ಕೆಳಪಟ್ಟಿಯೊಂದನ್ನೇ ಬದಲಿಸಿ ಸರಿಪಡಿಸಬಲ್ಲನು. ಹಳೆಯ ಸಾಗುವಾನಿಯಂಥ ಮರ ಇಂದು ಸುಲಭವಾಗಿ ದೊರೆಯದು.

ಆದರೆ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬೇಡಿ. ಮನೆಬಣ್ಣದಲ್ಲಿ ಸೀಸದ ಮಿತಿಯನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಇಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಬಣ್ಣದ ಧೂಳು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕವಾಗಬಹುದು. ನೀರು ಹಚ್ಚಿ ಉಜ್ಜಿಸಿ. ಕೆಲಸ ಮುಗಿದು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವ ತನಕ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರವಹಿಸಬೇಕಾದುದು ಬಚ್ಚಲುಮನೆಯಲ್ಲಿ. ಅಲ್ಲಿನ ಗಾಜಿನ ಅಡ್ಡಪಟ್ಟಿಗಳು ಕುರೂಪವೆಂದು ತೆಗೆಸಿ ತೆರೆಯಲಾಗದ ಗಾಜನ್ನು ಕೂಡಿಸುವವರಿದ್ದಾರೆ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಇದು ಪ್ರಾಣಾಪಾಯಕ್ಕೆ ಆಹ್ವಾನ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಬಂದು, ಚಿಲಕ ತೆಗೆಯುವಷ್ಟರಲ್ಲಿ ಕೈಕಾಲು ಸೋತು ವ್ಯಕ್ತಿ ಕುಸಿಯುತ್ತಾನೆ. ಗೀಸರನ್ನು ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡಿಸಿ ಬಿಸಿನೀರನ್ನಷ್ಟೇ ಕೊಳವೆಯಿಂದ ಒಳಗೆ ತರುವುದು ಸರಿಯಾದ ಕ್ರಮ. ಅಡ್ಡಪಟ್ಟಿಗಳು ಹೇಗೂ ಇರಲಿ. ನೋಟದ ಅಂದಕ್ಕಾಗಿ ಅವನ್ನು ತೆಗೆಸುವುದು ನನಗಂತೂ ಅರ್ಥವಾಗದ ಶೋಕಿ.

ಕಬ್ಬಿಣದ ಜಾಲರಿಯಲ್ಲಿ ಬೆಂಕಿಯ ವೇಳೆ ಹೊರಬರಲು ಒಳಗಿನಿಂದ ತೆರೆಯುವ ಚಿಕ್ಕ ಬಾಗಿಲೊಂದಿರಲಿ. ಅದರ ಬೀಗದ ಕೈ ಮನೆಯವರೆಲ್ಲರಿಗೂ ತಿಳಿದ ಜಾಗದಲ್ಲಿರಲಿ. ಗೋಡೆಯ ಹೊರಮೈ ಬದಲಾಗುವುದಾದರೆ ಸೊಸೈಟಿಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಿರಿ. ಕೆಲಸವನ್ನು ಮೇ ತಿಂಗಳ ನಡುವಿಗೆ ಮುಗಿಸಿಕೊಂಡು, ಗುತ್ತಿಗೆದಾರನಿಗೆ ಕೊನೆಯ ಕಂತನ್ನು ಕೊಡುವ ಮೊದಲು ಹೊರಗಿನಿಂದ ಹತ್ತು ನಿಮಿಷ ಪೈಪಿನ ನೀರು ಹಾಯಿಸಿ ಚೌಕಟ್ಟಿನ ಸುತ್ತ ಗೋಡೆ ಒದ್ದೆಯಾಗುವುದೋ ಎಂದು ನೋಡಿಕೊಳ್ಳಿ.