ಎರಡು ನೇಕೆಡ್ ಬೈಕುಗಳು: ವೇಗವೋ, ನಿತ್ಯದ ಅನುಕೂಲವೋ?

ಗಾಳಿತಡೆಯ ಹೊದಿಕೆಯಿಲ್ಲದೆ, ಎಂಜಿನ್ ತೆರೆದು ಕಾಣುವ ಮೋಟಾರ್ ಸೈಕಲ್‌ಗಳಿಗೆ ‘ನೇಕೆಡ್’ ಎಂಬ ಹೆಸರಿದೆ. ಈ ವರ್ಗದ ಎರಡು ವಾಹನಗಳು ವಿದೇಶಿ ಹೆಸರು ಹೊತ್ತರೂ ಭಾರತದಲ್ಲಿಯೇ ತಯಾರಾದವು: ಬಜಾಜ್‌ನ ಚಾಕಣ್ ಘಟಕದಲ್ಲಿ ಕೆಟಿಎಂ 390 ಡ್ಯೂಕ್, ನೆರೆಯ ಹೊಸೂರಿನ ಟಿವಿಎಸ್ ಘಟಕದಲ್ಲಿ ಬಿಎಂಡಬ್ಲ್ಯು ಜಿ 310 ಆರ್. ಇಂದು ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ದೊರೆಯುವ 2018ರ ಮಾದರಿಗಳನ್ನು ಇಲ್ಲಿ ಹೋಲಿಸಲಾಗಿದೆ.

ಸಾಮರ್ಥ್ಯದಲ್ಲಿ ಡ್ಯೂಕ್ ಮುಂದಿದೆ. ಅದರ 373 ಸಿಸಿ ಎಂಜಿನ್ 43.5 ಪಿಎಸ್ ಶಕ್ತಿ ನೀಡಿದರೆ, ಬಿಎಂಡಬ್ಲ್ಯುವಿನ 313 ಸಿಸಿ ಎಂಜಿನ್ 34 ಪಿಎಸ್ ನೀಡುತ್ತದೆ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಈ ಅಂತರ ಸ್ಪಷ್ಟವಾಗುತ್ತದೆ. ಆದರೆ ಪೇಟೆಯ ದಟ್ಟಣೆಯಲ್ಲಿ ಡ್ಯೂಕ್‌ನ ಬಿಸಿ ಸವಾರನ ಕಾಲಿಗೆ ತಟ್ಟುತ್ತದೆ. ಅದರ ಆಸನದ ಎತ್ತರ ಸುಮಾರು 830 ಮಿ.ಮೀ.; ಬಿಎಂಡಬ್ಲ್ಯುವಿನದು 785 ಮಿ.ಮೀ. ಮಾತ್ರ. ಪದೇ ಪದೇ ನಿಂತು ಹೊರಡುವವರಿಗೆ ಇದು ಅನುಕೂಲಕರ.

ವೆಚ್ಚದ ಲೆಕ್ಕ ಬೇರೆಯೇ ಇದೆ. ಮೂರನೆಯ ವ್ಯಕ್ತಿಯ ವಿಮೆಗೆ 350 ಸಿಸಿ ಗಡಿರೇಖೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, ಗಡಿಯೊಳಗಿನ ಬಿಎಂಡಬ್ಲ್ಯುವಿಗೆ ವಾರ್ಷಿಕ 1,366 ರೂ., ಗಡಿ ದಾಟಿದ ಡ್ಯೂಕ್‌ಗೆ 2,804 ರೂ. ಆದರೆ ಜಿ 310 ಆರ್ ಮಾರಾಟ ಭಾರತದಲ್ಲಿ 2025ರಲ್ಲಿ ನಿಂತಿತು. ಆದ್ದರಿಂದ ವಿಮೆಯಲ್ಲಿ ಉಳಿದ ಹಣ ಬಿಡಿಭಾಗಗಳಿಗೆ ಹೋಗದಂತೆ, ಕೊಳ್ಳುವ ಮುನ್ನವೇ ಅವುಗಳ ಬೆಲೆ ಮತ್ತು ಲಭ್ಯತೆಯನ್ನು ವಿಚಾರಿಸುವುದು ಒಳಿತು.

ಹೆದ್ದಾರಿಯ ಪಯಣವೇ ಹೆಚ್ಚಾಗಿದ್ದರೆ ಡ್ಯೂಕ್, ಅಂಗಡಿ ಬೀದಿಯ ಓಡಾಟವೇ ಹೆಚ್ಚಾಗಿದ್ದರೆ ಬಿಎಂಡಬ್ಲ್ಯು ಸೂಕ್ತ.