ಆಮ್ಲಕ್ಕೆ ಅಂಜದ ಕ್ಯಾನು
ಕಾಸರಗೋಡಿನ ರಬ್ಬರ್ ತೋಟಗಳಲ್ಲಿ ಮರದ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಫಾರ್ಮಿಕ್ ಆಮ್ಲವನ್ನು ಬಳಸುತ್ತಾರೆ. ಚಗಳಿ ಇರುವೆ ಸಿಡಿಸುವ ಉರಿಯೂ ಇದೇ ಆಮ್ಲದ್ದು. ಕಬ್ಬಿಣವನ್ನು ಕೊರೆದುಹಾಕುವ ಈ ದ್ರವ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮಾತ್ರ ತಿಂಗಳುಗಟ್ಟಲೆ ಸುಮ್ಮನಿರುತ್ತದೆ.

ಲೋಹವು ತನ್ನ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆಮ್ಲದಲ್ಲಿರುವ ಜಲಜನಕದ ಅಯಾನುಗಳು ಅವನ್ನು ಸೆಳೆದುಕೊಂಡು ಅನಿಲವಾಗಿ ಹೊರಬೀಳುತ್ತವೆ, ಲೋಹ ಕರಗುತ್ತದೆ. ಕ್ಯಾನಾದರೋ ಪಾಲಿಎಥಿಲೀನಿನದು. ಸಾವಿರಾರು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ, ಅದಕ್ಕಂಟಿದ ಜಲಜನಕ, ಇಷ್ಟೇ. ಎಲೆಕ್ಟ್ರಾನುಗಳೆಲ್ಲ ಬಂಧಗಳೊಳಗೆ ಬಿಗಿಯಾಗಿರುವುದರಿಂದ ಆಮ್ಲಕ್ಕೆ ಸೆಳೆಯಲು ಏನೂ ಸಿಗದು. ಮೇಣದಂತೆ ನೀರನ್ನು ದೂರವಿಡುವ ಗುಣವೂ ಅದಕ್ಕಿದೆ.

ಎಲ್ಲ ಪ್ಲಾಸ್ಟಿಕ್ಕುಗಳೂ ಹೀಗಲ್ಲ. ನೈಲಾನಿನ ಸರಪಳಿಯಲ್ಲಿ ನಡುನಡುವೆ ಅಮೈಡ್ ಬಂಧಗಳಿವೆ. ಆಮ್ಲಕ್ಕೆ ಅವೇ ಹಿಡಿ. ಗಾಢ ಫಾರ್ಮಿಕ್ ಆಮ್ಲದಲ್ಲಿ ನೈಲಾನ್ ಹಗ್ಗ ಕರಗಿಯೇ ಹೋಗುತ್ತದೆ. ಕುಡಿಯುವ ನೀರಿನ ಪಾರದರ್ಶಕ ಬಾಟಲಿ ಸಾಮಾನ್ಯವಾಗಿ ಪೆಟ್‌ನದು. ಅದರ ಎಸ್ಟರ್ ಬಂಧಗಳನ್ನು ಗಾಢ ಆಮ್ಲಗಳು ಕಾಲಕ್ರಮೇಣ ಕತ್ತರಿಸಬಲ್ಲವು. ತಳದ ತ್ರಿಕೋನದೊಳಗೆ 1 ಎಂದಿದ್ದರೆ ಪೆಟ್, 2 ಎಂದಿದ್ದರೆ ಗಡಸು ಪಾಲಿಎಥಿಲೀನ್.

ಬಾಟಲಿ ಸವೆಯುವುದು ಇಲ್ಲಿ ಸಣ್ಣ ಚಿಂತೆ. ಬಣ್ಣವಿಲ್ಲದ ಆಮ್ಲ ನೀರಿನಂತೆಯೇ ಕಾಣುತ್ತದೆ. ಬಾಯಾರಿ ಬಂದ ಮಗು ನೋಡುವುದು ಪರಿಚಿತ ಬಾಟಲಿಯನ್ನು, ತಳದ ಅಂಕಿಯನ್ನಲ್ಲ. ಆಮ್ಲವನ್ನು ಬಂದ ಕ್ಯಾನಿನಲ್ಲಿಯೇ, ಚೀಟಿ ಕೀಳದೆ, ಮಕ್ಕಳಿಗೆ ಎಟುಕದಂತೆ ಬೀಗದೊಳಗೆ ಇಡಬೇಕು. ಖಾಲಿಯಾದ ಕ್ಯಾನನ್ನು ಎಷ್ಟೇ ತೊಳೆದರೂ ಕುಡಿಯುವ ನೀರು ತುಂಬಿಸಲು ಬಳಸಕೂಡದು.